ಎಂಟರ ಪೆಟ್ಟಿಗೆ, ಒಂಬತ್ತರ ಪೆಟ್ಟಿಗೆ

ಹೈದರಾಬಾದಿಗೆ ಸಾಮಾನು ತರಲಿಕ್ಕೆ ಹೋಗುವವರಿಗೆ ನಾನು ಒಂದು ಮಾತು ಯಾವಾಗಲೂ ಹೇಳುತ್ತೇನೆ. ಬೇಕಾದ ಸಾಮಾನಿನ ರೇಟು ಮೊದಲು ಕೇಳಬೇಡಿರಿ. ಬ್ಯಾಡಾದದ್ದನ್ನು ಕೇಳಿರಿ, ಚಹಾ ತರಿಸಿದರೆ ಪೂರಾ ಕುಡಿಯಿರಿ, ಎದ್ದು ಹೊರಟು ಚಪ್ಪಲಿ ಮೆಟ್ಟುವಾಗ, ಈಗಷ್ಟೇ ನೆನಪಾದಂತೆ, ಬೇಕಾದದ್ದನ್ನು ಕೇಳಿರಿ. ನಾನು ಕಂಪ್ಯೂಟರ್ ತಂದದ್ದು ಹೀಗೇ. ಎಂಬತ್ತರ ದಶಕದ ನಡುಭಾಗ ಅದು. ಶಹಾಬಾದಿನಿಂದ ಭಂಕೂರಿನ ಕಡೆ ಹೋಗುವ ಹಾದಿಯಲ್ಲಿ ನನ್ನದೊಂದು ಕಲ್ಲಿನ ಖಣಿ ಇತ್ತು. ಚಿಕ್ಕಂದಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಹೊತ್ತವನು ನಾನು. ಬೆನ್ನಿನ ಮೇಲೆ ಅದರ ಅಂಚು ಕೂತ ಗುರುತು ಇನ್ನೂ ಇದೆ. ಅಂಥವನ ಆಫೀಸಿನಲ್ಲಿ ಕಂಪ್ಯೂಟರ್ ಬಂದು ಕೂತರೆ ಹೇಗಿರುತ್ತದೆ, ಲೆಕ್ಕ ಹಾಕಿರಿ.

ತಂದದ್ದು ಹಳೆಯ ಸಾಮಾನೇ. ಕೀಲಿಮಣೆಯೊಳಗೇ ಯಂತ್ರ, ತೆರೆಗೆ ಒಂದು ಟೀವಿ, ಕಾಗದ ಛಾಪಿಸಲಿಕ್ಕೆ ಒಂದು ಪ್ರಿಂಟರ್. ಬದಿಗೆ ಬ್ರೆಡ್ಡಿನ ಪೌಂಡಿನಷ್ಟು ದಪ್ಪನೆಯ ಎರಡು ಡಿಸ್ಕ್ ಪೆಟ್ಟಿಗೆಗಳು, ಒಂದಕ್ಕೊಂದು ವೈರಿನಿಂದ ಕೂಡಿಸಿದ್ದು. ಪೆಟ್ಟಿಗೆಯ ಬಾಯಿಯೊಳಗೆ ತೆಳ್ಳನೆಯ ಕರಿ ಡಿಸ್ಕ್ ತೂರಿಸಿ ಚಿಲಕ ಹಾಕಿದರೆ ಗರಗರ ಅನ್ನುತ್ತಿತ್ತು, ಮುಂದೆ ಕೆಂಪು ದೀಪ ಹತ್ತುತ್ತಿತ್ತು. ಯಂತ್ರಕ್ಕೆ ಸ್ವಂತ ನೆನಪಿಲ್ಲ, ನೆನಪೆಲ್ಲ ಡಿಸ್ಕಿನದು.

ಮಾರಿದವನು ಹೈದರಾಬಾದಿನ ಅಬಿಡ್ಸ್ ಹಿಂದಿನ ಗಲ್ಲಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ತೆಳ್ಳನೆಯ ಮನುಷ್ಯ. ಅವನು ಒಂದು ತೊಡಕು ಮೊದಲೇ ಹೇಳಿದ. ಆ ಪೆಟ್ಟಿಗೆಗಳು ಕಾರ್ಖಾನೆಯಿಂದ ಹುಟ್ಟುವಾಗ ಎಲ್ಲವೂ ಎಂಟನೇ ನಂಬರಿನವೇ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಯಂತ್ರ ಎಂಟು ಅಂತ ಕೂಗಿದಾಗ ಎರಡೂ ಓಗೊಡುತ್ತವೆ, ಕೆಲಸ ಕೆಡುತ್ತದೆ. ಅದಕ್ಕೆ ಅವನ ಹತ್ತಿರ ಒಂದು ಸಣ್ಣ ಪ್ರೋಗ್ರಾಂ ಇತ್ತು. ಒಂದು ಪೆಟ್ಟಿಗೆಯನ್ನಷ್ಟೇ ಹಚ್ಚಿ ಅದನ್ನು ನಡೆಸಿದರೆ, ಹಳೆಯ ನಂಬರ್ ಯಾವುದು, ಹೊಸ ನಂಬರ್ ಯಾವುದು ಅಂತ ಕೇಳುತ್ತದೆ. ಒಂಬತ್ತು ಅಂದರೆ ಆ ಪೆಟ್ಟಿಗೆ ಒಂಬತ್ತಾಗುತ್ತದೆ. ಆಮೇಲೆ ಎರಡನೆಯದನ್ನು ಹಚ್ಚಬೇಕು. ಅದು ಎಂಟಾಗಿಯೇ ಉಳಿಯುತ್ತದೆ. ಎಂಟರಲ್ಲಿ ಇರುವುದನ್ನು ಒಂಬತ್ತಕ್ಕೆ ನಕಲು ಮಾಡುವುದೂ ಅದೇ ಪ್ರೋಗ್ರಾಮಿನ ಕೆಲಸ.

"ಒಂದು ಮಾತು, ಸೇಠ್ ಸಾಬ್," ಅಂದ. "ಕರೆಂಟ್ ಹೋದ್ರ ಪೆಟ್ಟಿಗಿ ತನ್ನ ನಂಬರ್ ಮರೀತದ. ಮತ್ತ ಎಂಟೇ ಆಗ್ತದ. ನೀವು ಹೂಂ ಅಂದ್ರ ಒಂದನ್ನ ಬಿಚ್ಚಿ, ಒಳಗಿನ ತಂತಿ ಕತ್ತರಿಸಿ ಕಾಯಂ ಒಂಬತ್ತು ಮಾಡಿ ಕೊಡ್ತೀನಿ. ಮ್ಯಾಲೆ ಕೆಂಪು ಪೇಂಟಿನ್ಯಾಗ ನಂಬರ್ ಬರೀತೀನಿ. ಮಜೂರಿ ಬ್ಯಾರೆ."

"ಪ್ರೋಗ್ರಾಂ ಪುಕಟ್ ಕೊಟ್ಟೀದಿ," ಅಂದೆ. "ಪುಕಟ್ ಆಗೂ ಕೆಲಸಕ್ಕ ಮಜೂರಿ ಯಾಕ ಕೊಡಲಿ?"

ಅವನು ಎರಡೂ ಪೆಟ್ಟಿಗೆ ಹಗ್ಗದಿಂದ ಕಟ್ಟಿಕೊಟ್ಟ. ಸೇಡಂ ಬಸ್ಸಿನಲ್ಲಿ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ, ಕಾಗಿಣಾ ಹೊಳೆ ದಾಟುವ ತನಕ, ಒಂದು ಮಜೂರಿ ಉಳಿಸಿದೆ ಅನ್ನುವ ಖುಷಿ ನನ್ನ ಜೊತೆಗಿತ್ತು.

ಕಂಪ್ಯೂಟರ್ ಯಾಕೆ ಬೇಕಾಯಿತು ಅಂತ ಕೇಳುತ್ತೀರಿ. ಸುರಂಗದ ಸಲುವಾಗಿ. ನಮ್ಮ ಕಡೆ ಕಲ್ಲಿಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಇಟ್ಟು ಹಾರಿಸುವುದಕ್ಕೆ ಸುರಂಗ ಹೊಡೆಯುವುದು ಅನ್ನುತ್ತಾರೆ. ಎಲ್ಲ ತೂತುಗಳೂ ಹಾರುವುದಿಲ್ಲ. ಮಳೆಗಾಲದಲ್ಲಿ ಬತ್ತಿಗೆ ಥಂಡಿ ಹಿಡಿದರೆ ಒಂದೊಂದು ಹಾಗೇ ಉಳಿಯುತ್ತದೆ. ಅದಕ್ಕೆ ಸುರಂಗ ಮಲಗಿತು ಅನ್ನುತ್ತಾರೆ. ಮಲಗಿದ ಸುರಂಗದ ಬಾಯಿಗೆ ಕೆಸರು ತುಂಬಿ ಅದು ಕಾಣದಾಗುತ್ತದೆ. ಗೊತ್ತಿಲ್ಲದೆ ಅದರ ಮಗ್ಗುಲಿಗೆ ಕೊರೆಯುವ ಯಂತ್ರ ಹಚ್ಚಿದರೆ, ಹಚ್ಚಿದವರು ಇರುವುದಿಲ್ಲ. ಸೋಮವಾರಕ್ಕೊಮ್ಮೆ ಮದ್ದಿನ ಗಾಡಿ ಬರುತ್ತಿತ್ತು. ಹಿಂದಿನ ವಾರ ಮಲಗಿದ್ದನ್ನೆಲ್ಲ ಅವತ್ತು ಹುಡುಕಿ ಹಾರಿಸಿ ಮುಗಿಸಬೇಕು.

ಈ ಲೆಕ್ಕವನ್ನು ಇಡುತ್ತಿದ್ದವನು ನನ್ನ ಸುರಂಗದವನು. ಭಂಕೂರಿನ ಮುದುಕ, ಎಲ್ಲರೂ ಮಾಮಾ ಅನ್ನುತ್ತಿದ್ದರು. ಅಕ್ಷರ ಗೊತ್ತಿರಲಿಲ್ಲ. ಅವನ ಉಡಿದಾರದ ಜೊತೆ ಒಂದು ನಾರಿನ ಹುರಿ ಇರುತ್ತಿತ್ತು. ಸುರಂಗ ಒಂದು ಮಲಗಿದರೆ ಹುರಿಗೆ ಒಂದು ಗಂಟು ಹಾಕುತ್ತಿದ್ದ. ತೂತಿನ ಬಾಯಿಯ ಮೇಲೆ ಮೂರು ಕಲ್ಲು ಒಂದರ ಮೇಲೊಂದು ಇಡುತ್ತಿದ್ದ. ಸೋಮವಾರ ಬೆಳಿಗ್ಗೆ ಅವನೊಬ್ಬನೇ ಖಣಿಗೆ ಇಳಿದು, ಹುರಿ ಬೆರಳಿನಲ್ಲಿ ಎಣಿಸುತ್ತ, ಕಲ್ಲುಗಳನ್ನು ನೋಡುತ್ತ ಒಂದು ಸುತ್ತು ಬರುವ ತನಕ ಯಾರೂ ಕೆಳಗೆ ಕಾಲಿಡುವಂತಿರಲಿಲ್ಲ. ಸುರಂಗ ಹಾರಿದ ಮೇಲೆ ಗಂಟು ಬಿಚ್ಚುತ್ತಿದ್ದ. ಹುರಿ ಪೂರಾ ಬಿಚ್ಚಿಕೊಂಡ ಮೇಲೆಯೇ ಸೋಮವಾರದ ಮೊದಲ ಬೀಡಿ ಹಚ್ಚುತ್ತಿದ್ದ.

ಖಣಿಯ ತಪಾಸಣೆಗೆ ಬಂದ ಸಾಹೇಬರು ಈ ಹುರಿ ನೋಡಿ ನಕ್ಕರು. "ಇದನ್ನ ನಾ ಫೈಲಿಗೆ ಹಚ್ಚಬೇಕೇನು?" ಅಂದರು. ಚಿತ್ತಾಪುರದ ಸರಕಾರಿ ಕಚೇರಿಯಲ್ಲಿ ನನ್ನ ಪರವಾನಗಿಯ ಕಾಗದ ಕೂತಿತ್ತು. ಆ ನಗು ನನಗೆ ನಾಟಿತು.

ಕಂಪ್ಯೂಟರ್ ನಡೆಸಲಿಕ್ಕೆ ವಾಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಒಬ್ಬ ಅಕ್ಕೋರನ್ನು ಒಪ್ಪಿಸಿದೆ. ದಿನಾ ಪ್ಯಾಸೆಂಜರ್ ಗಾಡಿಗೆ ಬಂದು ಮಧ್ಯಾಹ್ನದ ಗಾಡಿಗೆ ಹೋಗುವವರು. ಮಾಮಾ ಆಫೀಸಿಗೆ ಬಂದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಮಲಗಿದ್ದು ತೂತುಗಳ ಯಾವ ಸಾಲಿನಲ್ಲಿ, ದಕ್ಷಿಣದ ಕಬ್ಬಿಣದ ಗೂಟದಿಂದ ಎಷ್ಟು ಹೆಜ್ಜೆ ಅಂತ ಹೇಳಬೇಕು, ಅವರು ಅದನ್ನು ಕೀಲಿಮಣೆಯ ಮೇಲೆ ಬಡಿಯಬೇಕು. ಬಡಿದದ್ದೆಲ್ಲ ಅಸಲು ಅಂತ ಬರೆದ ಡಿಸ್ಕಿಗೆ. ಬುಧವಾರ, ಶನಿವಾರ ಅದನ್ನು ನಕಲು ಅಂತ ಬರೆದ ಡಿಸ್ಕಿಗೆ ಇಳಿಸಬೇಕು. ಶನಿವಾರದ ನಕಲಾದ ಮೇಲೆ ಅಸಲಿನ ಪಟ್ಟಿ ಕಾಗದದ ಮೇಲೆ ಛಾಪಿಸಿ ಸೋಮವಾರಕ್ಕೆ ತಯಾರಿಡಬೇಕು.

ಅಕ್ಕೋರು ಬಂದ ಮೊದಲ ವಾರವೇ ಪೆಟ್ಟಿಗೆಗಳಿಗೆ ಎಂಟು, ಒಂಬತ್ತು ಅಂತ ಚೀಟಿ ಅಂಟಿಸಿದರು. ನಮ್ಮ ಆಫೀಸಿನ ಮೇಲೆ ಸುಣ್ಣಗಲ್ಲಿನ ಹುಡಿ ಹಗಲೆಲ್ಲ ಉದುರುತ್ತಿತ್ತು, ಗೋಂದು ಹಿಡಿಯಲಿಲ್ಲ. ಚೀಟಿಗಳು ಮೂರು ದಿನಕ್ಕೆ ನೆಲದ ಮೇಲಿದ್ದವು. "ಪೇಂಟಾದರೂ ಹಚ್ಚಸ್ರಿ," ಅಂದರು. ಕರೆಂಟ್ ಹೋದಾಗೊಮ್ಮೆ ನಂಬರೇ ಬದಲಾಗುವ ಪೆಟ್ಟಿಗೆಗೆ ಪೇಂಟ್ ಯಾಕೆ ಅಂತ ನಾನು ಜಾಣತನದ ಮಾತಾಡಿದೆ. ಅವರು ಬಲಗಡೆಯ ಪೆಟ್ಟಿಗೆಯನ್ನು ಯಾವಾಗಲೂ ಮೊದಲು ಹಚ್ಚಿ ಒಂಬತ್ತು ಮಾಡುತ್ತಿದ್ದರು, ಆಮೇಲೆ ಎಡಗಡೆಯದನ್ನು ಎಂಟಾಗಿ ಹಚ್ಚುತ್ತಿದ್ದರು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದರೆ ನಾಲ್ಕು ಸಲ. ಆ ಕ್ರಮ ಅವರ ಕೈಯಲ್ಲಿತ್ತು, ಬೇರೆಲ್ಲೂ ಬರೆದಿರಲಿಲ್ಲ.

ಮಾಮಾನಿಗೆ ನಾನು ಹೇಳಿದೆ: "ಇನ್ನ ಆ ಮೂರು ಕಲ್ಲು ಇಡೋದು ಬಿಡು. ಟ್ರ್ಯಾಕ್ಟರಿನವರು ಅವಕ್ಕ ಎಡವತಾರ. ಮಿಷಿನ್ ನೆನಪಿಡ್ತದ."

"ಮಿಷಿನ್ ನೆನಪಿಟ್ರ ನಾ ಏನ್ ಮಾಡ್ಲಿ, ಸಾವ್ಕಾರ್ರ?"

"ನೀ ಮರಿ. ವಯಸ್ಸಾಯ್ತು, ಆರಾಮ ಮರಿ."

ಎಲ್ಲರೂ ನಕ್ಕರು. ಅವನೂ ನಕ್ಕ.

ಆ ವರ್ಷ ಮಳೆ ಜಡಿ ಹಿಡಿದಿತ್ತು. ಬುಧವಾರದ ನಕಲಿನ ಹೊತ್ತಿಗೆ ಮೂರು ಮಲಗಿದ್ದವು. ಶುಕ್ರವಾರ ಒಂದು, ಶನಿವಾರ ಮಧ್ಯಾಹ್ನದೊಳಗೆ ಇನ್ನೊಂದು. ಎರಡನ್ನೂ ಮಾಮಾ ಬಂದು ಬರೆಸಿ ಹೋದ. ಶನಿವಾರ ಅಕ್ಕೋರು ಚಿಂಚೋಳಿಗೆ ಅಕ್ಕನ ಮನೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋಗುವವರಿದ್ದರು, ಬಸ್ಸಿನ ಹೊತ್ತಾಗಿತ್ತು. ಆಗಷ್ಟೇ ಕರೆಂಟ್ ಹೋಗಿ ಬಂದಿತ್ತು. ಅವರು ಅವಸರದಲ್ಲೇ ಬಲಗಡೆಯದನ್ನು ಹಚ್ಚಿ, ಪ್ರೋಗ್ರಾಂ ನಡೆಸಿ, ಎಡಗಡೆಯದನ್ನು ಹಚ್ಚಿ, ಎಲ್ಲ ತಯಾರು ಮಾಡಿಟ್ಟರು.

"ಇನ್ನ ಏನೂ ಇಲ್ರಿ. ಅಸಲು ಮೊದಲನೇ ಪೆಟ್ಟಿಗ್ಯಾಗ ಹಾಕ್ರಿ, ನಕಲು ಎರಡನೇದ್ರಾಗ. ಹೂಂ ಅನ್ನೋ ಗುಂಡಿ ಒತ್ರಿ. ಅರ್ಧ ತಾಸು ಗರಗರ ಅಂತದ, ಮುಟ್ಟಬ್ಯಾಡ್ರಿ. ಆಮ್ಯಾಲ ಅಸಲಿನ ಪಟ್ಟಿ ಛಾಪಸ್ರಿ."

"ನಾ ಏನ್ ಸಣ್ಣ ಹುಡುಗ ಏನ್ರಿ? ಹೋಗಿ ಬರ್ರಿ," ಅಂದೆ.

ಈಗ ನನ್ನ ಸಾಲಿಯ ಮಾತು ಹೇಳಬೇಕು. ನಿಜಾಮರ ಕಾಲದಲ್ಲಿ ಸಾಲಿ ಕಲಿತವನು ನಾನು. ನಾಲ್ಕನೇ ಇಯತ್ತೆಯ ತನಕ ಬಲದಿಂದ ಎಡಕ್ಕೆ ಓದುವ ಉರ್ದು. ಕನ್ನಡ ಅಕ್ಷರ ಕೂಡಿಸಿದ್ದು ಆಮೇಲೆ, ದೊಡ್ಡವನಾಗಿ, ಬಸ್ಸಿನ ಬೋರ್ಡು ಓದುತ್ತ. ನನ್ನ ಕಾಲದ ಗುಮಾಸ್ತರು, ದಲ್ಲಾಳಿಗಳು ಎಲ್ಲ ಹಾಗೇ. ಕನ್ನಡ ಓದುವಾಗ ನಮ್ಮ ಕಣ್ಣು ಎಡದಿಂದ ಹೋಗುತ್ತದೆ. ಆದರೆ ಗೋಡೆಗುಂಟ ಐದು ಚಪ್ಪಡಿ ನಿಲ್ಲಿಸಿ ಮೊದಲನೆಯದು ಎತ್ತು ಅನ್ನಿರಿ, ನಮ್ಮ ಕೈ ಬಲಗಡೆಗೆ ಹೋಗುತ್ತದೆ. ನನ್ನ ಖಣಿಯ ಸಾಲುಗಳನ್ನೂ ನಾವು ಬಲದಿಂದಲೇ ಎಣಿಸುತ್ತಿದ್ದೆವು. ಅದರ ಬಗ್ಗೆ ಯಾರೂ ಯೋಚನೆ ಮಾಡಿದ್ದಿಲ್ಲ.

ಅಸಲನ್ನು ಬಲಗಡೆಯ ಪೆಟ್ಟಿಗೆಗೆ ತೂರಿಸಿದೆ. ನಕಲನ್ನು ಎಡಗಡೆಯದಕ್ಕೆ. ಗುಂಡಿ ಒತ್ತಿದೆ. ಎಡಗಡೆಯ ದೀಪ ಮೊದಲು ಹತ್ತಿತು, ಆಮೇಲೆ ಬಲಗಡೆಯದು. ಒಂದು ಓದುವುದು, ಇನ್ನೊಂದು ಬರೆಯುವುದು. ಚಹಾ ಕುಡಿಯುತ್ತ ಅದನ್ನು ನೋಡುತ್ತ ಕೂತೆ. ಚಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬುಧವಾರದ ಹಳೆಯ ನಕಲು, ನನ್ನ ಕಣ್ಣ ಮುಂದೆಯೇ, ಶನಿವಾರದ ಅಸಲಿನ ಮೇಲೆ ಒಂದೊಂದೇ ಸುತ್ತು ಕೂತುಕೊಳ್ಳುತ್ತಿತ್ತು. ಮುಗಿದ ಮೇಲೆ ತೆರೆಯ ಮೇಲೆ ಸರಿಯಾಯಿತು ಅಂತ ಬಂತು. ಪಟ್ಟಿ ಛಾಪಿಸಿ, ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಓದಲಿಲ್ಲ.

ರವಿವಾರ ಮಳೆ ಬಂತು. ಸೋಮವಾರ ಬೆಳಿಗ್ಗೆ ಖಣಿಯ ತಳ ನೋಡಿದರೆ ಒಂದೇ ಬಣ್ಣದ ಕೆಸರು. ಸಾಲು ಯಾವುದು, ತೂತು ಯಾವುದು ಗೊತ್ತಾಗುವಂತಿರಲಿಲ್ಲ. ಕೊರೆಯುವ ಗ್ಯಾಂಗಿನ ನಾಲ್ವರು ಕಂಪ್ರೆಸರ್ ಹಚ್ಚಲಿಕ್ಕೆ ಕಾಯುತ್ತಿದ್ದರು. ನಾನು ದಂಡೆಯ ಮೇಲೆ ನಿಂತು ಪಟ್ಟಿ ಬಿಚ್ಚಿ ಓದಿದೆ. ಮೂರು ಸುರಂಗದ ಲೆಕ್ಕವಿತ್ತು. ಮದ್ದಿನ ಗಾಡಿ ಬರುವ ತನಕ ಇರಲಿ ಅಂತ ಮೂರೂ ಜಾಗ ಗುರುತು ಮಾಡಿಸಿದೆ.

ಮಾಮಾ ಕೆಳಗಿನಿಂದ ಕೇಳಿದ: "ಇನ್ನೆರಡು?"

"ಯಾವ ಎರಡು?"

ಅವನು ಅಂಗಿಯ ತುದಿ ಎತ್ತಿದ. ಉಡಿದಾರದಲ್ಲಿ ಆ ಹುರಿ ಇನ್ನೂ ಇತ್ತು. "ಐದು ಗಂಟು ಅದಾವ್ರಿ."

"ನಿನಗ ಬಿಡು ಅಂತ ಹೇಳಿದ್ನಲ್ಲೋ."

"ಕಲ್ಲು ಬಿಟ್ಟೀನ್ರಿ. ಹುರಿ ಬಿಡಂತ ನೀವು ಹೇಳಿಲ್ಲ."

ಗ್ಯಾಂಗಿನ ದೊಡ್ಡವನು ನಕ್ಕ. "ಮಾಮಾ, ಒಂದು ಗಂಟು ನಿನ್ನ ಲಗ್ನದ್ದಿರಬೇಕು. ಬಿಚ್ಚಾಕ ಆಗ್ಲಾರದ್ದು."

"ಬರೋಬ್ಬರಿ. ಇನ್ನೊಂದು ನಿಂದು," ಅಂದ ಮಾಮಾ. ಆಮೇಲೆ ನಡೆದುಹೋಗಿ, ಎರಡನೇ ಸಾಲಿನ ಕೊನೆಗೆ, ಕೆಸರಿನಲ್ಲಿ ಕೂತುಬಿಟ್ಟ. "ಒಂದು ಇಲ್ಲೇ ಅದ. ಶನಿವಾರದ್ದು. ಕಣ್ಣಾಗ ಅದ ನನಗ. ಶುಕ್ರವಾರದ್ದು ಎಲ್ಲದ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ?"

"ಅಕ್ಕೋರಿಗೆ ಹೇಳ್ದೆ. ಹೇಳಿ ಮರ್ತೆ. ನೀವೇ ಅಂದಿದ್ರಿ, ಮರಿ ಅಂತ."

ನನಗೆ ಸಿಟ್ಟು ಬಂತು. ಸಿಮೆಂಟ್ ಕಾರ್ಖಾನೆಗೆ ಅವತ್ತು ಕಲ್ಲು ಹೋಗಬೇಕಿತ್ತು. ಹೋಗದಿದ್ದರೆ ಗುತ್ತಿಗೆ ಇನ್ನೊಬ್ಬನಿಗೆ. ಮುದುಕನಿಗೆ ಕಂಪ್ಯೂಟರಿನ ಮೇಲೆ ಹೊಟ್ಟೆಕಿಚ್ಚು ಅಂದುಕೊಂಡೆ. "ಏಳು," ಅಂದೆ. ಏಳಲಿಲ್ಲ. "ಕೆಲಸ ಬಿಡಸ್ತೀನಿ," ಅಂದೆ. "ಬಿಡಸ್ರಿ. ಆದ್ರ ಇಲ್ಲಿಂದ ಏಳಂಗಿಲ್ಲ," ಅಂದ. ಕೊನೆಗೆ ನಾನು ಗ್ಯಾಂಗಿಗೆ ಹೇಳಿದೆ: ಅವನು ಕೂತ ಕಡೆ ಬಿಡ್ರಿ, ಮೊದಲನೇ ಸಾಲಿನಿಂದ ಕೊರೀರಿ.

ನಾಲ್ವರೂ ಒಮ್ಮೆ ಮಾಮಾನ ಮುಖ ನೋಡಿದರು, ಒಮ್ಮೆ ನನ್ನ ಕೈಯ ಕಾಗದ ನೋಡಿದರು. ಕಾಗದ ಛಾಪಿಸಿದ್ದಿತ್ತು. ಕಂಪ್ರೆಸರ್ ಹಚ್ಚಿದರು.

ಅವತ್ತಿನ ಒಂದು ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆಯುತ್ತೇನೆ. ಪಟ್ಟಿಯ ಮೇಲೆ ನನಗೆ ಪೂರಾ ನಂಬಿಕೆ ಇತ್ತು ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಆದರೆ ಕೊರೆಯುವ ಸದ್ದು ಶುರುವಾದ ಮೇಲೆ ನಾನು ದಂಡೆಯ ಮೇಲೆ ನಿಲ್ಲಲಿಲ್ಲ. ನಡೆದು ಬಂದು ಆಫೀಸಿನ ಗೋಡೆಯ ಹಿಂದೆ ನಿಂತೆ. ಕಲ್ಲಿನ ಗೋಡೆ, ಎರಡು ಮೊಳ ದಪ್ಪ. ನನ್ನ ಕಾಲು ಯಾಕೆ ಅಲ್ಲಿಗೆ ಬಂದವು ಅಂತ ಆಗ ಕೇಳಿಕೊಳ್ಳಲಿಲ್ಲ. ಯಂತ್ರ ಒಂದು ತೂತು ಮುಗಿಸಿ ನಿಂತಾಗ ಉಸಿರು ಬಿಡುತ್ತಿದ್ದೆ. ಮತ್ತೆ ಶುರುವಾದಾಗ ಹಿಡಿಯುತ್ತಿದ್ದೆ. ಏಳು ತೂತು ಕೊರೆದರು. ಎಂಟನೆಯದಕ್ಕೆ ಹಚ್ಚಿದ್ದರು.

ಅಷ್ಟರಲ್ಲಿ ಅಕ್ಕೋರು ಬಂದರು, ಚಿಂಚೋಳಿಯಿಂದ ನೆಟ್ಟಗೆ, ಕೈಯಲ್ಲಿ ಕುಬಸದ ಉಂಡಿಯ ಡಬ್ಬಿ. ಗೋಡೆಯ ಹಿಂದೆ ನಿಂತ ನನ್ನನ್ನು ನೋಡಿ ಅವರಿಗೆ ಆಶ್ಚರ್ಯವಾಯಿತು. ನಾನು ಪಟ್ಟಿ ಕೊಟ್ಟೆ, ಮಾಮಾನ ಹಟ ಹೇಳಿ ನಗಲಿಕ್ಕೆ ನೋಡಿದೆ.

ಅವರು ನಗಲಿಲ್ಲ. "ಐದು ಬಡ್ದೀನ್ರಿ ನಾ," ಅಂದರು. ಒಳಗೆ ಹೋಗಿ ಬಲಗಡೆಯ ಪೆಟ್ಟಿಗೆಯ ಚಿಲಕ ತೆಗೆದರು. ಡಿಸ್ಕ್ ಇನ್ನೂ ನಾನು ಬಿಟ್ಟ ಹಾಗೇ ಇತ್ತು. ಅದರ ಮೇಲೆ ಅವರೇ ಬರೆದ ಅಕ್ಷರ ಓದಿದರು.

"ಅಸಲು ಯಾವ ಪೆಟ್ಟಿಗ್ಯಾಗ ಹಾಕಿದ್ರಿ?"

"ಮೊದಲನೇದ್ರಾಗ. ನೀವೇ ಹೇಳಿದ್ರಲ್ಲ."

"ಮೊದಲನೇದು ಯಾವುದ್ರಿ?"

ನಾನು ಬಲಗೈ ಎತ್ತಿ ತೋರಿಸಿದೆ.

ಅವರು ಎಡಗೈಯನ್ನು ಎಡಗಡೆಯ ಪೆಟ್ಟಿಗೆಯ ಮೇಲೆ ಇಟ್ಟು, ಹಾಗೇ ನನ್ನ ಕಡೆ ನೋಡಿದರು. ಹೊರಗೆ ಯಂತ್ರ ಕೊರೆಯುತ್ತಿತ್ತು.

ಓಡಿದೆ. ಕಂಪ್ರೆಸರಿನ ಸದ್ದಿನಲ್ಲಿ ನನ್ನ ದನಿ ಯಾರಿಗೆ ಕೇಳಬೇಕು? ಕೈ ಬೀಸಿದೆ, ಅವಸರ ಮಾಡಿರಿ ಅನ್ನುತ್ತಿದ್ದೇನೆ ಅಂದುಕೊಂಡು ಅವರು ಇನ್ನೂ ಒತ್ತಿದರು. ದಂಡೆಯ ಮೇಲೆ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿತ್ತು. ಬತ್ತಿಗೆ ಬೆಂಕಿ ಹಚ್ಚಿದಾಗ ಎತ್ತುವಂಥದ್ದು. ಅದನ್ನು ಕಿತ್ತು ಎತ್ತಿ ಹಿಡಿದೆ. ಮೊದಲು ನೋಡಿದವನು ಕೆಸರಿನಲ್ಲಿ ಕೂತಿದ್ದ ಮಾಮಾ. ಎದ್ದು, ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆದ. ಬತ್ತಿ ಹಚ್ಚಿದಾಗ ಹೊಡೆಯುವ ಆ ಸೀಟಿಗೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಯಂತ್ರವನ್ನು ಹಾಗೇ ಬಿಟ್ಟು ನಾಲ್ವರೂ ಮೇಲೆ ಬಂದರು. ಹತ್ತುವಾಗ ಒಬ್ಬನ ಚಪ್ಪಲಿ ಕೆಸರಿನಲ್ಲಿ ಉಳಿಯಿತು.

ಮಾಮಾ ತಾನು ಕೂತಿದ್ದ ಜಾಗದಲ್ಲಿ ಬೊಗಸೆಯಿಂದ ನೀರು ಹಾಕಿ ಕೆಸರು ತೊಳೆದ. ಗೇಣಿನೊಳಗೆ ಬತ್ತಿಯ ಕರಿ ತುದಿ ಕಂಡಿತು. ಶನಿವಾರದ್ದು. ಗುರುತು ಮಾಡಿದ ಮೂರರ ಜೊತೆ ಅದನ್ನೂ ಅವತ್ತೇ ಹಾರಿಸಿದ. ಹುರಿಯ ನಾಲ್ಕು ಗಂಟು ಬಿಚ್ಚಿದ.

ಶುಕ್ರವಾರದ್ದು ಸಿಗಲಿಲ್ಲ. ಅಕ್ಕೋರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. ಮೊದಲನೇ ಸಾಲು ಅಂತ ಬಡಿದ ಹಾಗಿದೆ ಅಂದರು, ಹೆಜ್ಜೆ ಎಷ್ಟೋ ನೆನಪಿಲ್ಲ ಅಂದರು. ಆಮೇಲೆ ಸಾಲೂ ಖಾತ್ರಿ ಇಲ್ಲ ಅಂದರು. ಬಡಿಯುವವರು ಅಂಕಿ ನೋಡುತ್ತಾರೆ, ಜಾಗ ನೋಡುವುದಿಲ್ಲ. ಎರಡೂ ಡಿಸ್ಕ್ ಹತ್ತು ಸಲ ಓದಿಸಿದರು. ಹತ್ತು ಸಲವೂ ಬುಧವಾರವೇ ಬಂತು. ನಾಲ್ಕು ದಿನ ಮಾಮಾ ಒಬ್ಬನೇ ಬರಿಗಾಲಲ್ಲಿ ಆ ತಳದ ಮೇಲೆ ಅಂಗುಲ ಅಂಗುಲ ಕೈಯಾಡಿಸಿದ. ಮೇಲಿಂದ ಮೇಲೆ ಮಳೆ ಬಂತು, ಮೇಲಿಂದ ಮೇಲೆ ಕೆಸರು ಇಳಿಯಿತು. ಐದನೇ ದಿನ ಮೇಲೆ ಬಂದು ಕೈ ತೊಳೆದುಕೊಂಡ.

"ಸಾವ್ಕಾರ್ರ, ಈ ತಳ ಬಂದ್ ಮಾಡ್ರಿ."

ಬಂದ್ ಮಾಡಿದೆ. ಗುತ್ತಿಗೆ ಹೋಯಿತು. ಅವನಿಗೆ ಪಗಾರ ಹೆಚ್ಚು ಮಾಡುತ್ತೇನೆ, ನಾನು ಆ ಕಡೆ ತೆಗೆಯುವ ಹೊಸ ಖಣಿಗೆ ಬಾ ಅಂದೆ. ಮೂರು ಕಲ್ಲು ಇಡು, ಬೇಕಾದರೆ ಮೂವತ್ತು ಇಡು ಅಂದೆ. ನನ್ನ ಜನ್ಮದಲ್ಲಿ ನಾನಾಗಿ ಬೆಲೆ ಏರಿಸಿದ್ದು ಅದೊಂದೇ ಸಲ. ಅವನು ಉಡಿದಾರದಿಂದ ಹುರಿ ಬಿಚ್ಚಿ ನನ್ನ ಮೇಜಿನ ಮೇಲೆ, ಎರಡು ಪೆಟ್ಟಿಗೆಗಳ ನಡುವೆ ಇಟ್ಟ.

"ಇದನ್ನ ಒಯ್ಯೋ," ಅಂದೆ.

"ಗಂಟು ಅದ ಅಲ್ರಿ ಅದರಾಗ. ಗಂಟಿದ್ದಿದ್ದು ಮನಿಗಿ ಒಯ್ಯಂಗಿಲ್ಲ ನಾ," ಅಂದ. ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಮತ್ತೆ ಯಾವ ಖಣಿಯಲ್ಲೂ ಸುರಂಗ ಹೊಡೆಯಲಿಲ್ಲ ಅಂತ ಆಮೇಲೆ ಕೇಳಿದೆ.

ಮರು ತಿಂಗಳು ನಾನು ಒಂದು ಪೆಟ್ಟಿಗೆ ಹೊತ್ತುಕೊಂಡು ಅಬಿಡ್ಸಿಗೆ ಹೋದೆ. ಕಾಯಂ ಒಂಬತ್ತು ಮಾಡಿಸಿ ಮೇಲೆ ಕೆಂಪು ಪೇಂಟಿನಲ್ಲಿ ಬರೆಸಿದೆ. ತೆಳ್ಳನೆಯ ಮನುಷ್ಯ ಕೇಳಿದ ಮಜೂರಿ ಕೇಳಿದಷ್ಟೇ ಕೊಟ್ಟೆ. ಚೌಕಾಸಿ ಮಾಡದ್ದಕ್ಕೆ ಅವನಿಗೆ ಅನುಮಾನ ಬಂದು, "ಏನಾಯ್ತು ಸೇಠ್ ಸಾಬ್?" ಅಂದ. ಏನಿಲ್ಲ ಅಂದೆ.

ನಿಮಗೆ ಹೇಳುವುದಿಷ್ಟು. ಯಾವುದೇ ಸಾಮಾನಿನ ನಂಬರು ಸಾಮಾನಿನ ಮೈಮೇಲೆಯೇ ಕಾಣುವಂತೆ ಬರೆಸಿರಿ. ಮೊದಲನೆಯದು ಅಂತ ಯಾರಾದರೂ ಹೇಳಿದರೆ, ಮುಟ್ಟಿ ತೋರಿಸು ಅನ್ನಿರಿ. ಹೊಸದು ಬಂತು ಅಂತ ಹಳೆಯ ಮೂರು ಕಲ್ಲು ತೆಗೆಸಬೇಡಿರಿ. ಒಂದು ವರ್ಷ ಎರಡೂ ಇರಲಿ. ಇವನ್ನೆಲ್ಲ ನಾನು ನನ್ನ ಮಕ್ಕಳಿಗೆ, ಅಳಿಯನಿಗೆ, ಬಸ್ಸಿನಲ್ಲಿ ಮಗ್ಗುಲಿಗೆ ಕೂತವರಿಗೆ ಹೇಳಿದ್ದೇನೆ.

ಆ ಖಣಿಯಲ್ಲಿ ಈಗ ನೀರು ನಿಂತಿದೆ. ಹಸಿರು ನೀರು, ಎರಡು ಆಳು ಆಳ. ದಂಡೆಗೆ ಮುಳ್ಳುತಂತಿ ಹಾಕಿಸಿದ್ದೇನೆ, ವರ್ಷಕ್ಕೊಮ್ಮೆ ಬಿಗಿ ಮಾಡಿಸುತ್ತೇನೆ. ನೀರೊಳಗೆ ಇಷ್ಟು ವರ್ಷ ನೆನೆದ ಮದ್ದು ಸತ್ತಿರುತ್ತದೆ ಅಂತ ಬಲ್ಲವರು ಕೆಲವರು ಹೇಳುತ್ತಾರೆ. ಹಳೆಯ ಮದ್ದು ಇನ್ನೂ ಕೆಟ್ಟದ್ದು, ಮುಟ್ಟಿದರೇ ಏಳುತ್ತದೆ ಅಂತ ಬಲ್ಲವರೇ ಕೆಲವರು ಹೇಳುತ್ತಾರೆ. ಹೋದ ಬೇಸಿಗೆಯಲ್ಲಿ ಸೇಡಂ ಕಡೆಯ ಒಬ್ಬರು ಬಂದಿದ್ದರು. ನೀರು ಎತ್ತಿಸಿ ಮತ್ತೆ ಖಣಿ ನಡೆಸುತ್ತಾರಂತೆ. ಒಳ್ಳೆಯ ಬೇಪಾರಿ, ಮೊದಲು ನನ್ನ ಹಳೆಯ ಟ್ರ್ಯಾಕ್ಟರಿನ ರೇಟು ಕೇಳಿದರು, ಚಹಾ ಪೂರಾ ಕುಡಿದರು, ಚಪ್ಪಲಿ ಮೆಟ್ಟುವಾಗ ಖಣಿಯ ಮಾತು ತೆಗೆದರು.

"ಮಾರಂಗಿಲ್ಲ," ಅಂದೆ.

"ರೇಟು ಹೇಳ್ರಿ ಸಾವ್ಕಾರ್ರ. ಎಲ್ಲದಕ್ಕೂ ಒಂದು ರೇಟು ಇರ್ತದ."

ಒಳಗೆ ಹೋಗಿ ಕಪಾಟಿನಿಂದ ಹುರಿ ತಂದು ಅವರ ಕೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು. ಗಂಟು ಬಿಗಿಯಾಗಿತ್ತು. ಮಾತಾಡುತ್ತಲೇ, ಏನೂ ಯೋಚನೆ ಇಲ್ಲದೆ, ಉಗುರಿನಿಂದ ಅದನ್ನು ಬಿಚ್ಚಲಿಕ್ಕೆ ನೋಡಿದರು.

ನಾನು ಅವರ ಕೈ ಹಿಡಿದೆ.